ಕುಡಿಯುವ ನೀರಿನಲ್ಲಿ ಕಳೆನಾಶಕದ ಅಂಶ: ಲೆಕ್ಕ ಹಾಕುವ ಬಗೆ

ಕಳೆಯಿಂದ ಬೆಳೆಗಾಗುವ ನಷ್ಟವನ್ನು ರೈತ ಬಾಂಧವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬಿತ್ತಿದ ಮೊದಲ ಮೂವತ್ತು ನಲವತ್ತು ದಿನಗಳಲ್ಲಿ ಹೊಲ ಕಸದಿಂದ ಮುಕ್ತವಾಗಿರಬೇಕು. ಆದರೆ ಇದೇ ಅವಧಿಯಲ್ಲಿ ಮಳೆ ಹಿಡಿದು ಕುಂಟೆ ಹೊಡೆಯಲು ಹದ ಸಿಗುವುದಿಲ್ಲ. ಕಸ ತೆಗೆಯಲು ಆಳುಗಳೂ ದೊರೆಯುವುದಿಲ್ಲ. ಆದುದರಿಂದ ಕಳೆನಾಶಕಗಳ ಬಳಕೆ ಹಳ್ಳಿಹಳ್ಳಿಗೂ ಹಬ್ಬಿದೆ. ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ ಸುತ್ತಿನ ಪ್ರದೇಶವೂ ಇದಕ್ಕೆ ಹೊರತಲ್ಲ. ಇಲ್ಲಿ ಮುಂಗಾರಿನ ಮುಖ್ಯ ಬೆಳೆಗಳಲ್ಲಿ ಮೆಕ್ಕೆಜೋಳವೂ ಒಂದು. ಮೆಕ್ಕೆಜೋಳಕ್ಕೆ ಸಾಮಾನ್ಯವಾಗಿ ಬಳಸುವ ಕಳೆನಾಶಕ ಅಟ್ರಜಿನ್.

ಅಟ್ರಜಿನ್ ಮಣ್ಣಿನ ಕಣಗಳಿಗೆ ಬಲವಾಗಿ ಅಂಟಿಕೊಳ್ಳುವ ವಸ್ತುವಲ್ಲ. ಮಣ್ಣಿನಲ್ಲಿ ಅದರ ಅರ್ಧ ಭಾಗ ಕರಗಿ ಹೋಗಲು ಸುಮಾರು 60 ದಿನ ಬೇಕು. ಬಿತ್ತಿದ ಎರಡು ಮೂರು ದಿನಗಳೊಳಗೆ, ಹಸಿ ಇರುವ ನೆಲದ ಮೇಲೆ ಅದನ್ನು ಸಿಂಪಡಿಸುತ್ತಾರೆ. ಮುಂಗಾರಿನ ಬಿರುಸಾದ ಮಳೆಗಳೂ ಬೀಳುವುದು ಅದೇ ವೇಳೆಯಲ್ಲಿ. ಇದರಿಂದಾಗಿ ಅಟ್ರಜಿನ್ನಿನ ಸ್ವಲ್ಪ ಭಾಗ ಹರಿಯುವ ನೀರಿನೊಡನೆ ಹಳ್ಳ, ಹೊಂಡಗಳಿಗೂ, ಬಸಿಯುವ ನೀರಿನೊಡನೆ ಬಾವಿಗಳಿಗೂ ಸೇರಬಲ್ಲುದು. ಸಿಂಪರಣಾ ಯಂತ್ರವನ್ನು ಬಾವಿಯ ಕಟ್ಟೆಯ ಮೇಲೆ ತೊಳೆದರಂತೂ ನೇರವಾಗಿಯೇ ಸೇರುತ್ತದೆ.

ಹೀಗೆ ಸೇರಿದ ಕಳೆನಾಶಕ ಎಷ್ಟು? ಆ ನೀರನ್ನು ಕುಡಿಯಬಹುದೇ? ಇದನ್ನು ಬಣ್ಣ, ವಾಸನೆ, ರುಚಿಗಳಿಂದ ತಿಳಿಯಲಾಗದು. ಪ್ರಯೋಗಾಲಯದ ವರದಿ ಬೇಕು, ವರದಿಯಲ್ಲಿರುವ ಅಂಕಿಯನ್ನು ಓದಲೂ ಬರಬೇಕು. ಅಂಕಿಯ ಮುಂದಿರುವ ಅಳತೆಯನ್ನು ತಪ್ಪಾಗಿ ತಿಳಿದರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ. ಆಗ ಒಳ್ಳೆಯ ಬಾವಿಯನ್ನು ಹೆದರಿ ಬಿಡುವ, ಇಲ್ಲವೇ ಕುಡಿಯಬಾರದ ನೀರನ್ನು ಧೈರ್ಯದಿಂದ ಮಕ್ಕಳಿಗೆ ಕುಡಿಸುವ ಸಂಭವ ಉಂಟು. ಈ ಲೆಕ್ಕ ಕಷ್ಟದ್ದಲ್ಲ. ಗುಣಾಕಾರ, ಭಾಗಾಕಾರ ಬಲ್ಲವರೆಲ್ಲರೂ ಮಾಡಬಹುದು.

ಅಳತೆಗಳ ಪರಿಚಯ

ಒಂದು ಗ್ರಾಮಿನ ಸಾವಿರದ ಒಂದು ಭಾಗ ಮಿಲಿಗ್ರಾಂ. ಮಿಲಿಗ್ರಾಮಿನ ಸಾವಿರದ ಒಂದು ಭಾಗ ಮೈಕ್ರೊಗ್ರಾಂ. ಮೈಕ್ರೊಗ್ರಾಮಿನ ಸಾವಿರದ ಒಂದು ಭಾಗ ನ್ಯಾನೊಗ್ರಾಂ. ಪ್ರತಿ ಮೆಟ್ಟಿಲಿಗೂ ಸಾವಿರ ಪಟ್ಟು ವ್ಯತ್ಯಾಸ ಎಂಬುದನ್ನು ನೆನಪಿನಲ್ಲಿಟ್ಟರೆ ಸಾಕು.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ, ಅಂದರೆ ಹತ್ತು ಲಕ್ಷ ಮಿಲಿಗ್ರಾಂ. ಆದುದರಿಂದ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ವಸ್ತುವಿದ್ದರೆ ಅದು ಹತ್ತು ಲಕ್ಷಕ್ಕೆ ಒಂದು ಭಾಗ. ಇದನ್ನೇ ಪಿ.ಪಿ.ಎಂ. ಎನ್ನುತ್ತಾರೆ. ಒಂದು ಲೀಟರಿನಲ್ಲಿ 1 ಮೈಕ್ರೊಗ್ರಾಂ ಇದ್ದರೆ ನೂರು ಕೋಟಿಗೆ ಒಂದು ಭಾಗ, ಇದು ಪಿ.ಪಿ.ಬಿ. ವರದಿಗಳಲ್ಲಿ ಕಾಣುವ ಅಳತೆಗಳ ಹೊಂದಿಕೆ ಹೀಗಿದೆ:

ಲೀಟರಿಗೆ 1 ಮಿಲಿಗ್ರಾಂ = 1 ಪಿ.ಪಿ.ಎಂ. = ಲೀಟರಿಗೆ 1000 ಮೈಕ್ರೊಗ್ರಾಂ
ಲೀಟರಿಗೆ 1 ಮೈಕ್ರೊಗ್ರಾಂ = 1 ಪಿ.ಪಿ.ಬಿ. = ಲೀಟರಿಗೆ 0.001 ಮಿಲಿಗ್ರಾಂ
ಮಿಲಿಲೀಟರಿಗೆ 1 ನ್ಯಾನೊಗ್ರಾಂ = ಲೀಟರಿಗೆ 1 ಮೈಕ್ರೊಗ್ರಾಂ
ಲೀಟರಿಗೆ 1 ನ್ಯಾನೊಗ್ರಾಂ = ಲೀಟರಿಗೆ 0.001 ಮೈಕ್ರೊಗ್ರಾಂ
ಹತ್ತು ಲಕ್ಷ ಲೀಟರಿಗೆ 1 ಗ್ರಾಂ = ಲೀಟರಿಗೆ 1 ಮೈಕ್ರೊಗ್ರಾಂ

ಮಿಲಿಗ್ರಾಮನ್ನು ಮೈಕ್ರೊಗ್ರಾಂ ಮಾಡಲು 1000ದಿಂದ ಗುಣಿಸಬೇಕು, ಎಂದರೆ ದಶಮಾಂಶ ಚುಕ್ಕೆಯನ್ನು ಮೂರು ಸ್ಥಾನ ಬಲಕ್ಕೆ ಸರಿಸಬೇಕು. ಮೈಕ್ರೊಗ್ರಾಮನ್ನು ಮಿಲಿಗ್ರಾಂ ಮಾಡಲು ಮೂರು ಸ್ಥಾನ ಎಡಕ್ಕೆ ಸರಿಸಬೇಕು. ವರದಿಯಲ್ಲಿ ಮೈಕ್ರೊಗ್ರಾಮನ್ನು ಸೂಚಿಸಲು 'ಮ್ಯೂ' ಎಂಬ ಗ್ರೀಕ್ ಅಕ್ಷರವನ್ನು ಬಳಸುತ್ತಾರೆ. ಆ ಅಕ್ಷರವಿಲ್ಲದ ಕಡೆ ಇಂಗ್ಲಿಷಿನ 'ಯು' ಅಕ್ಷರವನ್ನು ಹಾಕುವುದುಂಟು. ಎರಡೂ ಒಂದೇ. ಆದರೆ ಅದನ್ನು 'ಎಂ' ಎಂದು ಓದಿದರೆ ಸಾವಿರ ಪಟ್ಟು ತಪ್ಪಾಯಿತೆಂದೇ ತಿಳಿಯಬೇಕು.

ಫ್ಲೋರೈಡ್ ವರದಿಯ ಅಭ್ಯಾಸದಿಂದಾಗುವ ತಪ್ಪು

ಹಿಂದಿನ ಬಳ್ಳಾರಿ ಜಿಲ್ಲೆಯ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ವರದಿ ಜನರಿಗೆ ಪರಿಚಿತ. ಫ್ಲೋರೈಡಿಗೆ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ. ಬೇರೆ ನೀರು ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಈ ವರದಿಗಳನ್ನು ಓದಿ ರೂಢಿಯಾದವರಿಗೆ 'ಅಟ್ರಜಿನ್: ಲೀಟರಿಗೆ 0.005 ಮಿಲಿಗ್ರಾಂ' ಎಂಬ ಬರಹ ಕಂಡರೆ ಅದು ಇಲ್ಲವೆಂಬಷ್ಟು ಕಡಿಮೆ ಎನಿಸುವುದು ಸಹಜ. ಆದರೆ 0.005 ಮಿಲಿಗ್ರಾಂ ಎಂದರೆ 5 ಮೈಕ್ರೊಗ್ರಾಂ. ಅಟ್ರಜಿನ್ನಿಗೆ ನಮ್ಮ ದೇಶದ ಮಿತಿ ಲೀಟರಿಗೆ 2 ಮೈಕ್ರೊಗ್ರಾಂ. ಅಂದರೆ ಆ ನೀರಿನಲ್ಲಿ ಮಿತಿಯ ಎರಡೂವರೆ ಪಟ್ಟು ಅಟ್ರಜಿನ್ ಇದೆ. ಆದುದರಿಂದ ಅಂಕಿ ದೊಡ್ಡದೇ ಚಿಕ್ಕದೇ ಎಂದು ನೋಡುವುದಕ್ಕಿಂತ ಆಯಾ ವಸ್ತುವಿನ ಮಿತಿಯೊಡನೆ, ಒಂದೇ ಅಳತೆಯಲ್ಲಿ, ಹೋಲಿಸಿ ನೋಡಬೇಕು.

ಮಿತಿಗಳು ಮತ್ತು ಅವುಗಳ ಹಿಂದಿನ ಲೆಕ್ಕ

ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಪ್ರಕಟಿಸಿದ ಕುಡಿಯುವ ನೀರಿನ ಮಾನಕದಲ್ಲಿ (ಐ.ಎಸ್. 10500) ಕಳೆನಾಶಕಗಳಿಗೆ ಗೊತ್ತುಪಡಿಸಿದ ಮಿತಿಗಳು, ಲೀಟರಿಗೆ ಮೈಕ್ರೊಗ್ರಾಂ ಲೆಕ್ಕದಲ್ಲಿ, ಹೀಗಿವೆ:

ಅಟ್ರಜಿನ್ – 2
ಐಸೊಪ್ರೊಟ್ಯುರಾನ್ – 9
ಅಲಾಕ್ಲೋರ್ – 20
2,4-ಡಿ – 30
ಬ್ಯುಟಾಕ್ಲೋರ್ – 125

ಬಾಟಲಿಗಳಲ್ಲಿ ಮಾರುವ ನೀರಿಗೆ ಇದಕ್ಕಿಂತ ಬಿಗಿಯಾದ ಮಿತಿ 2004ರಿಂದ ಜಾರಿಯಲ್ಲಿದೆ. ಅದರಲ್ಲಿ ಯಾವುದೇ ಒಂದು ಪೀಡೆನಾಶಕ ಲೀಟರಿಗೆ 0.0001 ಮಿಲಿಗ್ರಾಂ, ಎಲ್ಲವೂ ಸೇರಿ 0.0005 ಮಿಲಿಗ್ರಾಂ ಮೀರಬಾರದು. ಚುಕ್ಕೆಯನ್ನು ಮೂರು ಸ್ಥಾನ ಸರಿಸಿದರೆ ಇವು 0.1 ಮತ್ತು 0.5 ಮೈಕ್ರೊಗ್ರಾಂ ಆಗುತ್ತವೆ. ಯುರೋಪಿನ ದೇಶಗಳಲ್ಲಿ ಕುಡಿಯುವ ನೀರಿಗೆಲ್ಲ ಇದೇ 0.1ರ ಮಿತಿ ಇದೆ. ಅಲ್ಲಿ 2004ರಲ್ಲಿ ಅಟ್ರಜಿನ್ ಬಳಕೆಗಿದ್ದ ಒಪ್ಪಿಗೆಯನ್ನೇ ಹಿಂತೆಗೆದುಕೊಳ್ಳಲಾಯಿತು. ಅಮೆರಿಕದಲ್ಲಿ ಅಟ್ರಜಿನ್ನಿಗೆ 3 ಮೈಕ್ರೊಗ್ರಾಂ ಮಿತಿ ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಸೂಚಕ ಮಟ್ಟ ಮಾತ್ರ 100 ಮೈಕ್ರೊಗ್ರಾಂ. ಒಂದೇ ವಸ್ತುವಿಗೆ ಇಷ್ಟು ಅಂತರವೇಕೆ ಎಂಬ ಸಂಶಯ ಬರಬಹುದು. ಮಿತಿಯೂ ಒಂದು ಲೆಕ್ಕದ ಫಲ. ಒಬ್ಬ ಮನುಷ್ಯ ಜೀವನಪರ್ಯಂತ ದಿನಂಪ್ರತಿ ಸೇವಿಸಿದರೂ ಹಾನಿಯಾಗದೆಂದು ಎಣಿಸಿದ ಪ್ರಮಾಣವನ್ನು ದೇಹದ ತೂಕದಿಂದ ಗುಣಿಸುತ್ತಾರೆ. ಅದರಲ್ಲಿ ನೀರಿನಿಂದ ಬರಬಹುದಾದ ಪಾಲನ್ನು ತೆಗೆದುಕೊಂಡು, ದಿನಕ್ಕೆ ಕುಡಿಯುವ 2 ಲೀಟರ್ ನೀರಿನಿಂದ ಭಾಗಿಸುತ್ತಾರೆ. 1993ರಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.5 ಮೈಕ್ರೊಗ್ರಾಂ ಎಂದು ಹಿಡಿದು, ನೀರಿನ ಪಾಲು ಶೇಕಡ 10 ಎಂದು ಎಣಿಸಲಾಗಿತ್ತು:

0.5 × 60 × 0.10 ÷ 2 = 1.5, ಇದನ್ನು 2 ಎಂದು ಪೂರ್ಣಗೊಳಿಸಲಾಯಿತು.

ಆ ಬಳಿಕ, 2007ರ ಪರಿಶೀಲನೆಯಲ್ಲಿ ಪ್ರತಿ ಕಿಲೋ ತೂಕಕ್ಕೆ 20 ಮೈಕ್ರೊಗ್ರಾಂ ಎಂದು ನಿರ್ಧರಿಸಿ, ನೀರಿನ ಪಾಲನ್ನು ಶೇಕಡ 20 ಎಂದು ಹಿಡಿಯಲಾಯಿತು:

20 × 60 × 0.20 ÷ 2 = 120; ಇದನ್ನು 100 ಎಂದು ಪೂರ್ಣಗೊಳಿಸಲಾಯಿತು. ಇದು ಅಟ್ರಜಿನ್ ಹಾಗೂ ಅದು ಒಡೆದು ಆಗುವ ಕೆಲವು ವಸ್ತುಗಳು ಎಲ್ಲ ಸೇರಿದ ಮೊತ್ತಕ್ಕೆ ಅನ್ವಯಿಸುತ್ತದೆ.

ನಮ್ಮ ದೇಶದಲ್ಲಿ ಅನ್ವಯವಾಗುವುದು 2 ಮೈಕ್ರೊಗ್ರಾಂ ಮಿತಿಯೇ. ಅದನ್ನು ಸ್ವಲ್ಪ ಮೀರಿದ ನೀರನ್ನು ಒಂದೆರಡು ದಿನ ಕುಡಿದವರು ಕೂಡಲೇ ಕಾಯಿಲೆ ಬೀಳುವರೆಂದು ಭಾವಿಸಬೇಕಾಗಿಲ್ಲ. ಇದು ದೀರ್ಘಕಾಲದ ಬಳಕೆಯನ್ನು ಎಣಿಸಿ ಇಟ್ಟ ಮಿತಿ. ಆದರೆ ಹಸುಗೂಸುಗಳ ಲೆಕ್ಕ ಬೇರೆ. ಲೀಟರಿಗೆ 2 ಮೈಕ್ರೊಗ್ರಾಂ ಇರುವ ನೀರನ್ನು 60 ಕಿಲೋ ತೂಕದ ವ್ಯಕ್ತಿ ದಿನಕ್ಕೆ 2 ಲೀಟರ್ ಕುಡಿದರೆ ದೇಹದ ಕಿಲೋ ತೂಕಕ್ಕೆ 4 ÷ 60 = 0.067 ಮೈಕ್ರೊಗ್ರಾಂ ಸೇರುತ್ತದೆ. 5 ಕಿಲೋ ತೂಕದ ಮಗುವಿಗೆ ಹಾಲಿನ ಪುಡಿ ಕಲಸಲು ಮುಕ್ಕಾಲು ಲೀಟರ್ ಬಳಸಿದರೆ 1.5 ÷ 5 = 0.3 ಮೈಕ್ರೊಗ್ರಾಂ ಸೇರುತ್ತದೆ. ಅದೇ ನೀರಿನಿಂದ ಮಗುವಿನ ದೇಹಕ್ಕೆ ನಾಲ್ಕೂವರೆ ಪಟ್ಟು ಹೆಚ್ಚು. ಸಂಶಯವಿರುವ ನೀರನ್ನು ಮೊದಲು ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ನಿಲ್ಲಿಸಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಪೊಟ್ಟಣದಲ್ಲಿರುವ ಕಳೆನಾಶಕ ಎಷ್ಟು?

ಮಾರುಕಟ್ಟೆಯಲ್ಲಿ ಸಿಗುವ ಪುಡಿಯೆಲ್ಲವೂ ಕಳೆನಾಶಕವಲ್ಲ. ಅಟ್ರಜಿನ್ ಶೇಕಡ 50ರ ನೀರಿನಲ್ಲಿ ಬೆರೆಯುವ ಪುಡಿಯಲ್ಲಿ ಅರ್ಧ ಭಾಗ ಮಾತ್ರ ಮೂಲವಸ್ತು, ಉಳಿದುದು ಸೇರಿಕೆ. ನೀರಿನ ವರದಿಯಲ್ಲಿ ಕಾಣುವುದು ಮೂಲವಸ್ತು ಮಾತ್ರ. ಆದುದರಿಂದ ಮೊದಲು ಈ ಲೆಕ್ಕ ಮಾಡಿಕೊಳ್ಳಬೇಕು:

ಮೂಲವಸ್ತು = ಪುಡಿಯ ತೂಕ × ಶೇಕಡಾವಾರು ÷ 100

ಎಕರೆಗೆ 500 ಗ್ರಾಂ ಪುಡಿ ಬಳಸಿದರೆ 500 × 50 ÷ 100 = 250 ಗ್ರಾಂ ಮೂಲವಸ್ತು. ಇದನ್ನು 200 ಲೀಟರ್ ನೀರಿನಲ್ಲಿ ಬೆರೆಸಿದಾಗ ಲೀಟರಿಗೆ 1.25 ಗ್ರಾಂ, ಅಂದರೆ 1250 ಮಿಲಿಗ್ರಾಂ ಅಥವಾ 1250 ಪಿ.ಪಿ.ಎಂ. ಆಗುತ್ತದೆ. ಮೈಕ್ರೊಗ್ರಾಮಿನಲ್ಲಿ ಹೇಳುವುದಾದರೆ ಲೀಟರಿಗೆ 12,50,000. ಕುಡಿಯುವ ನೀರಿನ ಮಿತಿ 2. ಹೊಲಕ್ಕೆ ಬೇಕಾದ ಪ್ರಮಾಣಕ್ಕೂ ಬಾಯಿಗೆ ಒಪ್ಪುವ ಪ್ರಮಾಣಕ್ಕೂ ಇರುವ ಅಂತರ ಆರು ಲಕ್ಷ ಪಟ್ಟಿಗೂ ಮೇಲೆ. ಒಂದು ಗ್ರಾಂ ಮೂಲವಸ್ತು 5 ಲಕ್ಷ ಲೀಟರ್ ನೀರನ್ನು, ಎಂದರೆ 5000 ಲೀಟರಿನ ನೂರು ಟ್ಯಾಂಕರ್ ನೀರನ್ನು, ಮಿತಿಯ ಅಂಚಿಗೆ ತರಬಲ್ಲುದು.

ಬಾವಿಯ ಲೆಕ್ಕ

ದುಂಡಗಿನ ಬಾವಿಯಲ್ಲಿರುವ ನೀರನ್ನು ಕಂಡುಹಿಡಿಯಲು ಬಾವಿಯ ಅಗಲದ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದಲೂ ನೀರಿನ ಆಳದಿಂದಲೂ ಗುಣಿಸಬೇಕು. ಅಡಿಗಳಲ್ಲಿ ಅಳೆದಿದ್ದರೆ ಬಂದ ಘನ ಅಡಿಗಳನ್ನು 28.3ರಿಂದ ಗುಣಿಸಿದಾಗ ಲೀಟರ್ ಸಿಗುತ್ತದೆ.

ಬಾವಿಯ ಅಗಲ 20 ಅಡಿ, ನೀರು 12 ಅಡಿ ಇದೆಯೆಂದು ಇಟ್ಟುಕೊಳ್ಳೋಣ.

3.14 × 10 × 10 × 12 = 3768 ಘನ ಅಡಿ
3768 × 28.3 = ಸುಮಾರು 1,06,600 ಲೀಟರ್

ಸಿಂಪರಣೆ ಮುಗಿದ ಮೇಲೆ ಯಂತ್ರದ ತಳದಲ್ಲಿ ಒಂದು ಲೋಟದಷ್ಟು, ಅಂದರೆ 200 ಮಿಲಿಲೀಟರ್ ದ್ರಾವಣ ಉಳಿದಿದೆ. ಅದರಲ್ಲಿರುವ ಅಟ್ರಜಿನ್ 1250 × 0.2 = 250 ಮಿಲಿಗ್ರಾಂ, ಅಂದರೆ 2,50,000 ಮೈಕ್ರೊಗ್ರಾಂ. ಇದು ಬಾವಿಗೆ ಬಿದ್ದು ಪೂರ್ತಿ ಬೆರೆತರೆ:

2,50,000 ÷ 1,06,600 = ಲೀಟರಿಗೆ 2.3 ಮೈಕ್ರೊಗ್ರಾಂ

ಒಂದು ಲಕ್ಷ ಲೀಟರಿಗೂ ಮಿಕ್ಕಿದ ನೀರುಳ್ಳ ಬಾವಿಯನ್ನು ಮಿತಿ ದಾಟಿಸಲು ಒಂದು ಲೋಟ ಸಾಕಾಯಿತು. ಬೇಸಿಗೆಯಲ್ಲಿ ನೀರು 4 ಅಡಿಗೆ ಇಳಿದಿದ್ದರೆ ಅದೇ ಲೋಟದಿಂದ ಮೂರು ಪಟ್ಟು, ಸುಮಾರು 7 ಮೈಕ್ರೊಗ್ರಾಂ ಆಗುತ್ತದೆ.

ಹೊಂಡ ಮತ್ತು ಹಿನ್ನೀರು

ಒಂದು ಎಕರೆಗೆ ಹಾಕಿದ 250 ಗ್ರಾಮಿನಲ್ಲಿ ಶೇಕಡ ಒಂದರಷ್ಟು ಮಾತ್ರ, ಅಂದರೆ 2.5 ಗ್ರಾಂ, ಮಳೆಯ ನೀರಿನೊಡನೆ ಕೆಳಗಿನ ಕೃಷಿ ಹೊಂಡಕ್ಕೆ ಹರಿಯಿತೆಂದು ತಿಳಿಯೋಣ. ಹೊಂಡ 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳವಿದ್ದು, ಬದಿಗಳು ನೇರವಾಗಿದ್ದರೆ ಅದರಲ್ಲಿ ಹಿಡಿಯುವ ನೀರು 300 ಘನ ಮೀಟರ್, ಅಂದರೆ 3 ಲಕ್ಷ ಲೀಟರ್.

25,00,000 ÷ 3,00,000 = ಲೀಟರಿಗೆ 8.3 ಮೈಕ್ರೊಗ್ರಾಂ

ಹೊಂಡ ತುಂಬಿದಾಗಿನ ಲೆಕ್ಕವಿದು. ಅರ್ಧವೇ ತುಂಬಿದ್ದರೆ ಇದರ ಎರಡರಷ್ಟಾಗುತ್ತದೆ. ಹೊಂಡ ತೋಡಿರುವುದು ಬೆಳೆಗಾಗಿಯೇ ಆದರೂ ಹೊಲದಲ್ಲಿ ಕೆಲಸ ಮಾಡುವ ಆಳುಗಳು ಬಾಯಾರಿದಾಗ ಅದೇ ನೀರನ್ನು ಮೊಗೆದು ಕುಡಿಯುವುದುಂಟು. ಮುಂಗಾರಿನ ಮೊದಲ ತಿಂಗಳುಗಳಲ್ಲಿ ಇದನ್ನು ತಡೆಯಬೇಕು.

ಇನ್ನು ತುಂಗಭದ್ರಾ ಜಲಾಶಯದ ಹಿನ್ನೀರಿನ ಮಾತು. ಜಲಾಶಯದ ನೀರನ್ನು ಟಿ.ಎಂ.ಸಿ. ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2830 ಕೋಟಿ ಲೀಟರ್. ಇಷ್ಟು ನೀರು 2 ಮೈಕ್ರೊಗ್ರಾಂ ಮಟ್ಟ ಮುಟ್ಟಬೇಕಾದರೆ 56 ಕಿಲೋಗೂ ಹೆಚ್ಚು ಮೂಲವಸ್ತು ಸೇರಬೇಕು. ಇದು 226 ಎಕರೆಗೆ ಹಾಕಿದ ಅಟ್ರಜಿನ್ ಒಂದಿಷ್ಟೂ ಉಳಿಯದೆ ಹರಿದು ಬಂದಂತೆ. ದೊಡ್ಡ ನೀರಿಗೆ ಈ ಅನುಕೂಲವಿದೆ. ಆದರೆ ಹಿನ್ನೀರು ಇಳಿದಾಗ ತಗ್ಗುಗಳಲ್ಲಿ ನಿಂತ ನೀರಿಗೆ, ಹಳ್ಳದ ಮಡುವಿಗೆ, ದಂಡೆಯ ಬಾವಿಗೆ ಈ ಅನುಕೂಲವಿಲ್ಲ. ಅವು ಹೊಂಡದ ಲೆಕ್ಕಕ್ಕೇ ಸೇರಿದವು. ಹಿನ್ನೀರು ಸರಿದ ಜಮೀನಿನಲ್ಲಿ ಬಿತ್ತನೆ ಮಾಡುವವರು ಕಳೆನಾಶಕ ಬಳಸದೆ ಕುಂಟೆ ಮತ್ತು ಕೈಗಳೆಯಿಂದಲೇ ಕಸ ತೆಗೆಯುವುದು ಲೇಸು. ಆ ನೆಲದ ಮೇಲೆ ಮತ್ತೆ ನಿಲ್ಲುವುದು ಕುಡಿಯುವ ನೀರೇ.

ನೀರಿನ ಮಾದರಿ ಮತ್ತು ವರದಿ

ಹಳ್ಳಿಗಳಲ್ಲಿ ಬಳಸುವ ಸಣ್ಣ ಪರೀಕ್ಷಾ ಪೆಟ್ಟಿಗೆಯಿಂದ ಗಡಸುತನ, ಫ್ಲೋರೈಡ್, ನೈಟ್ರೇಟ್ ಮೊದಲಾದವುಗಳನ್ನು ತಿಳಿಯಬಹುದೇ ಹೊರತು ಕಳೆನಾಶಕವನ್ನಲ್ಲ. ಇದಕ್ಕೆ ಕ್ರೊಮಟೊಗ್ರಾಫ್ ಯಂತ್ರವುಳ್ಳ ಪ್ರಯೋಗಾಲಯವೇ ಬೇಕು. ಮಾದರಿ ತೆಗೆಯುವಾಗ ಈ ಅಂಶಗಳನ್ನು ಗಮನಿಸಬೇಕು:

1. ಕಂದು ಬಣ್ಣದ ಶುಚಿಯಾದ ಗಾಜಿನ ಸೀಸೆ ಬಳಸಬೇಕು. ಔಷಧಿಯ ಖಾಲಿ ಸೀಸೆಯನ್ನು ಎಷ್ಟೇ ತೊಳೆದಿದ್ದರೂ ಬಳಸಬಾರದು.
2. ಮಾದರಿ ತೆಗೆಯುವವರು ಅದೇ ದಿನ ಔಷಧಿ ಮುಟ್ಟಿರಬಾರದು.
3. ಕೊಳವೆಬಾವಿಯಾದರೆ ಸ್ವಲ್ಪ ಹೊತ್ತು ನೀರು ಬಿಟ್ಟ ಮೇಲೆ ಹಿಡಿಯಬೇಕು.
4. ಸೀಸೆಯನ್ನು ಬಿಸಿಲಿಗೆ ಒಡ್ಡದೆ, ಮಂಜುಗಡ್ಡೆಯಲ್ಲಿಟ್ಟು ಬೇಗನೆ ತಲುಪಿಸಬೇಕು.
5. ಸಿಂಪರಣೆಯ ಬಳಿಕ ಬಿದ್ದ ಮೊದಲ ದೊಡ್ಡ ಮಳೆಯ ನಂತರ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾದರಿ ತೆಗೆದರೆ ಹೋಲಿಕೆಗೆ ಅನುಕೂಲ.

ವರದಿ ಬಂದಾಗ 'ಪತ್ತೆಯಾಗಿಲ್ಲ' ಎಂಬ ಮಾತನ್ನು ಓದಿ ಸುಮ್ಮನಾಗಬಾರದು. ಪ್ರತಿಯೊಂದು ಯಂತ್ರಕ್ಕೂ ಇಷ್ಟಕ್ಕಿಂತ ಕಡಿಮೆಯಿದ್ದರೆ ಕಾಣಿಸದು ಎಂಬ ಪತ್ತೆ ಮಟ್ಟವಿರುತ್ತದೆ. ಪತ್ತೆ ಮಟ್ಟ ಲೀಟರಿಗೆ 0.01 ಮಿಲಿಗ್ರಾಂ ಎಂದು ಬರೆದಿದ್ದರೆ ಅದು 10 ಮೈಕ್ರೊಗ್ರಾಂ. ನೀರಿನಲ್ಲಿ ಮಿತಿಯ ನಾಲ್ಕು ಪಟ್ಟು ಅಟ್ರಜಿನ್ ಇದ್ದರೂ ಅಂಥ ವರದಿ 'ಪತ್ತೆಯಾಗಿಲ್ಲ' ಎಂದೇ ಹೇಳುತ್ತದೆ. ಪತ್ತೆ ಮಟ್ಟ 2 ಮೈಕ್ರೊಗ್ರಾಮಿಗಿಂತ ಸಾಕಷ್ಟು ಕೆಳಗಿದ್ದಾಗ ಮಾತ್ರ ಆ ಮಾತಿಗೆ ಬೆಲೆ. ಮಾದರಿ ಕೊಡುವ ಮೊದಲೇ ಇದನ್ನು ಕೇಳಿ ತಿಳಿಯುವುದು ಒಳ್ಳೆಯದು.

ವಿಸ್ತರಣಾ ಕಾರ್ಯಕರ್ತರು ಇನ್ನೊಂದು ವಿಷಯವನ್ನು ಗಮನಿಸಬೇಕು. ಅಟ್ರಜಿನ್ ಮಣ್ಣಿನಲ್ಲಿ ಒಡೆದು ಡಿಈಥೈಲ್ ಅಟ್ರಜಿನ್ ಎಂಬ ವಸ್ತುವಾಗುತ್ತದೆ. ವರದಿಯಲ್ಲಿ ಇದು ಬೇರೆಯಾಗಿ ಕಂಡುಬಂದರೆ ಅಣುತೂಕದ ಪ್ರಮಾಣದಲ್ಲಿ ಅಟ್ರಜಿನ್ನಿಗೆ ಪರಿವರ್ತಿಸಬಹುದು. ಅಟ್ರಜಿನ್ನಿನ ಅಣುತೂಕ 215.7, ಇದರದು 187.6. ಆದುದರಿಂದ 1 ಮೈಕ್ರೊಗ್ರಾಂ ಡಿಈಥೈಲ್ ಅಟ್ರಜಿನ್ 215.7 ÷ 187.6 = 1.15 ಮೈಕ್ರೊಗ್ರಾಂ ಅಟ್ರಜಿನ್ನಿಗೆ ಸಮ. ಅಟ್ರಜಿನ್ 1.4, ಡಿಈಥೈಲ್ ಅಟ್ರಜಿನ್ 1.0 ಎಂದು ವರದಿಯಾದರೆ ಒಟ್ಟು 1.4 + 1.15 = 2.55 ಆಗುತ್ತದೆ. ಅಟ್ರಜಿನ್ ಒಂದನ್ನೇ ನೋಡಿದರೆ ಮಿತಿಯೊಳಗಿದ್ದರೂ ಈ ಬಾವಿಯ ಮೇಲೆ ಕಣ್ಣಿಡುವುದು ಅವಶ್ಯಕ.

ಮಿತಿ ಮೀರಿದ್ದರೆ ಏನು ಮಾಡಬೇಕು?

ಕಾಯಿಸುವುದರಿಂದ ಕ್ರಿಮಿಗಳು ಸಾಯುತ್ತವೆ, ಆದರೆ ಅಟ್ರಜಿನ್ ಹೋಗುವುದಿಲ್ಲ. 5 ಮೈಕ್ರೊಗ್ರಾಂ ಇರುವ 10 ಲೀಟರ್ ನೀರು ಕಾದು 8 ಲೀಟರಿಗೆ ಇಳಿದರೆ 50 ÷ 8 = 6.25 ಮೈಕ್ರೊಗ್ರಾಂ ಆಗಿ ಪ್ರಮಾಣ ಹೆಚ್ಚುತ್ತದೆ. ಬ್ಲೀಚಿಂಗ್ ಪುಡಿ, ಪಟಕ, ಬಟ್ಟೆಯ ಸೋಸುವಿಕೆ ಇವುಗಳಿಂದಲೂ ಪ್ರಯೋಜನವಿಲ್ಲ. ಸಕ್ರಿಯ ಇದ್ದಿಲಿನ ಪದರದ ಮೂಲಕ ಹಾಯಿಸುವುದು ಪರಿಣಾಮಕಾರಿ ವಿಧಾನ. ಶುದ್ಧ ನೀರಿನ ಘಟಕಗಳಲ್ಲಿ ಈ ಇದ್ದಿಲನ್ನು ಕಾಲಕಾಲಕ್ಕೆ ಬದಲಾಯಿಸುತ್ತಿರಬೇಕು. ಹಳೆಯ ಇದ್ದಿಲು ಹೀರಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ.

ಬೇರೆ ಒಳ್ಳೆಯ ನೀರು ಬೆರೆಸುವುದಾದರೆ ಎಷ್ಟು ಬೆರೆಸಬೇಕೆಂಬುದನ್ನೂ ಲೆಕ್ಕದಿಂದ ತಿಳಿಯಬಹುದು. 5 ಮೈಕ್ರೊಗ್ರಾಂ ಇರುವ 10,000 ಲೀಟರ್ ನೀರನ್ನು 2ಕ್ಕೆ ಇಳಿಸಲು ಒಟ್ಟು 10,000 × 5 ÷ 2 = 25,000 ಲೀಟರ್ ಆಗಬೇಕು. ಅಂದರೆ ಕಳೆನಾಶಕವಿಲ್ಲದ 15,000 ಲೀಟರ್ ಸೇರಿಸಬೇಕು. ಅಷ್ಟು ಒಳ್ಳೆಯ ನೀರಿದ್ದರೆ ಅದನ್ನೇ ಕುಡಿಯಲು ಮೀಸಲಿಡುವುದು ಸುಲಭ.

ಕೆಟ್ಟ ಬಾವಿಯ ನೀರನ್ನು ಹಳ್ಳಕ್ಕೆ ಬಿಡದೆ ಮೆಕ್ಕೆಜೋಳ ಅಥವಾ ಜೋಳದ ಹೊಲಕ್ಕೆ ಹಾಯಿಸಬಹುದು. ಎಕರೆಗೆ ಎರಡು ಅಂಗುಲದಷ್ಟು, ಅಂದರೆ ಸುಮಾರು 2 ಲಕ್ಷ ಲೀಟರ್ ಹಾಯಿಸಿದರೂ ಅದರಲ್ಲಿರುವ ಅಟ್ರಜಿನ್ 2,00,000 × 5 = 10 ಲಕ್ಷ ಮೈಕ್ರೊಗ್ರಾಂ, ಅಂದರೆ 1 ಗ್ರಾಂ ಮಾತ್ರ. ಎಕರೆಗೆ ನಾವೇ ಹಾಕುವ 250 ಗ್ರಾಮಿನ ಮುಂದೆ ಇದು ಏನೂ ಅಲ್ಲ. ಬಾವಿ ಬರಿದಾಗಿ ಹೊಸ ಊಟೆ ಬಂದ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು. ಮಣ್ಣಿನಲ್ಲಿ ಅರವತ್ತು ದಿನಕ್ಕೊಮ್ಮೆ ಅರ್ಧವಾಗುವ ಲೆಕ್ಕವನ್ನು ಬಾವಿಗೆ ಹಚ್ಚಿ, ಎರಡು ತಿಂಗಳು ಬಿಟ್ಟರೆ ತಾನೇ ಸರಿಹೋಗುವುದೆಂದು ಕಾಯಬಾರದು. ಬೆಳಕು ಮತ್ತು ಸೂಕ್ಷ್ಮಜೀವಿಗಳು ಕಡಿಮೆಯಿರುವ ಅಂತರ್ಜಲದಲ್ಲಿ ಅಟ್ರಜಿನ್ ಬಹಳ ನಿಧಾನವಾಗಿ ಒಡೆಯುತ್ತದೆ.

ತಡೆಯುವ ಕ್ರಮ: ಮೂರು ಸಲದ ತೊಳೆತ

ಯಂತ್ರದ ತಳದಲ್ಲಿ ಉಳಿದ ಲೋಟದ ಲೆಕ್ಕವನ್ನು ಮತ್ತೆ ತೆಗೆದುಕೊಳ್ಳೋಣ. ಅದರಲ್ಲಿ 250 ಮಿಲಿಗ್ರಾಂ ಅಟ್ರಜಿನ್ ಇದೆ. 2 ಲೀಟರ್ ನೀರು ಹಾಕಿ ಚೆನ್ನಾಗಿ ಕುಲುಕಿ, ಅದನ್ನು ಹೊಲದ ಮೇಲೆಯೇ ಸಿಂಪಡಿಸಿದಾಗ ತಳದಲ್ಲಿ ಪುನಃ 200 ಮಿಲಿಲೀಟರ್ ಉಳಿಯಿತೆಂದರೆ, ಹನ್ನೊಂದರಲ್ಲಿ ಒಂದು ಭಾಗ ಮಾತ್ರ ಉಳಿದಂತಾಯಿತು.

ಮೊದಲ ತೊಳೆತದ ನಂತರ: 250 ÷ 11 = 22.7 ಮಿಲಿಗ್ರಾಂ
ಎರಡನೆಯ ತೊಳೆತದ ನಂತರ: 22.7 ÷ 11 = 2.07 ಮಿಲಿಗ್ರಾಂ
ಮೂರನೆಯ ತೊಳೆತದ ನಂತರ: 2.07 ÷ 11 = 0.19 ಮಿಲಿಗ್ರಾಂ

ಇದೇ 6 ಲೀಟರ್ ನೀರನ್ನು ಒಂದೇ ಸಲಕ್ಕೆ ಹಾಕಿ ತೊಳೆದಿದ್ದರೆ 250 ÷ 31 = 8 ಮಿಲಿಗ್ರಾಂ ಉಳಿಯುತ್ತಿತ್ತು. ನೀರು ಅಷ್ಟೇ, ಶ್ರಮವೂ ಹೆಚ್ಚೇನಿಲ್ಲ. ಆದರೆ ಮೂರು ಸಲ ಮಾಡಿದ್ದರಿಂದ ಉಳಿಕೆ ನಲವತ್ತು ಪಟ್ಟಿಗೂ ಮಿಗಿಲಾಗಿ ಕಡಿಮೆಯಾಯಿತು. ಇದರೊಂದಿಗೆ ಈ ಕೆಳಗಿನ ಕ್ರಮಗಳನ್ನೂ ಅನುಸರಿಸಬೇಕು:

1. ತೊಳೆಯುವ ನೀರನ್ನು ಕೊಡದಲ್ಲಿ ಹೊಲಕ್ಕೆ ಒಯ್ಯಬೇಕೇ ಹೊರತು ಯಂತ್ರವನ್ನು ಬಾವಿಗೆ ತರಬಾರದು.
2. ದ್ರಾವಣವನ್ನು ಬಾವಿ, ಹಳ್ಳ, ಕೈಪಂಪುಗಳಿಂದ ದೂರದಲ್ಲಿ ತಯಾರಿಸಬೇಕು. ಔಷಧಿ ಕಲಸಿದ ಬಕೆಟ್ಟನ್ನು ಬಾವಿಗೆ ಇಳಿಸಬಾರದು.
3. ಎಕರೆಗೆ ಹೇಳಿದ ಪ್ರಮಾಣವನ್ನು ಮೀರಬಾರದು. ತೂಗಿ ಹಾಕಬೇಕು, ಕೈಯಳತೆ ಸಲ್ಲದು.
4. ದೊಡ್ಡ ಮಳೆಯ ಸೂಚನೆ ಇರುವ ದಿನ ಸಿಂಪರಣೆಯನ್ನು ಮುಂದೂಡಬೇಕು.
5. ಹಳ್ಳ ಮತ್ತು ಬಾವಿಯ ಅಂಚಿನಲ್ಲಿ ಹುಲ್ಲಿನ ಪಟ್ಟಿ ಬಿಟ್ಟು, ಆ ಭಾಗದಲ್ಲಿ ಕಳೆನಾಶಕ ಬಳಸದೆ ಎಡೆಕುಂಟೆಯಿಂದ ಕಸ ತೆಗೆಯಬೇಕು.
6. ಖಾಲಿ ಪೊಟ್ಟಣ, ಡಬ್ಬಿಗಳನ್ನು ನೀರು ತರಲು ಬಳಸಬಾರದು, ಹಳ್ಳಕ್ಕೆ ಎಸೆಯಲೂಬಾರದು.

ನೆನಪಿಡಬೇಕಾದ ಸೂತ್ರಗಳು

ಪ್ರಮಾಣ (ಲೀಟರಿಗೆ ಮೈಕ್ರೊಗ್ರಾಂ) = ಸೇರಿದ ಮೂಲವಸ್ತು (ಗ್ರಾಂ) × 10,00,000 ÷ ನೀರು (ಲೀಟರ್)
ಮಿತಿ ಮುಟ್ಟಿಸುವ ಮೂಲವಸ್ತು (ಗ್ರಾಂ) = ನೀರು (ಲೀಟರ್) × ಮಿತಿ (ಮೈಕ್ರೊಗ್ರಾಂ) ÷ 10,00,000
ಮಿತಿಯ ಎಷ್ಟು ಪಟ್ಟು = ವರದಿಯ ಅಂಕಿ ÷ ಮಿತಿ (ಎರಡೂ ಒಂದೇ ಅಳತೆಯಲ್ಲಿರಬೇಕು)

ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುಂಚೆ ನಡೆಸುವ ರೈತರ ಸಭೆಗಳಲ್ಲಿ ಆಯಾ ಊರಿನ ಒಂದು ಬಾವಿಯನ್ನು ಅಲ್ಲಿಯೇ ಅಳೆದು, ಈ ಲೆಕ್ಕವನ್ನು ಎಲ್ಲರ ಎದುರು ಮಾಡಿ ತೋರಿಸಬಹುದು. ಕಳೆನಾಶಕದಿಂದ ಆಳಿನ ಖರ್ಚು ಉಳಿಯುವುದು ನಿಜ. ಆ ಉಳಿತಾಯ ಬಾವಿಯ ನೀರನ್ನು ಕೆಡಿಸದಂತೆ ನೋಡಿಕೊಳ್ಳಲು ಒಬ್ಬ ರೈತನಿಗೆ ಬೇಕಾದುದು ಆರು ಲೀಟರ್ ನೀರು ಮತ್ತು ಹೊಲದಲ್ಲಿ ಹತ್ತು ನಿಮಿಷ ಮಾತ್ರ.